ಆಡಲಾಗದ ಚೆಂಡು

ಗಾಲ್ಫ್ ಆಟಕ್ಕೂ ನನಗೂ ಏನೇನೂ ನಂಟಿರಲಿಲ್ಲ. ಬೆಂಗಳೂರಿಗೆ ಹೋದಾಗ ಹೈಗ್ರೌಂಡ್ಸಿನ ಕಡೆ ಬಸ್ಸಿನ ಕಿಟಕಿಯಿಂದ ಅಷ್ಟಗಲದ ಹಸಿರು ಹುಲ್ಲು ಕಂಡರೆ, ‘ಅಯ್ಯೋ, ಎಷ್ಟು ಹಸು ಮೇಯಬಹುದಿತ್ತು’ ಎಂದುಕೊಳ್ಳುತ್ತಿದ್ದೆ, ಅಷ್ಟೆ. ಅಲ್ಲಿಯ ಗಾಲ್ಫ್ ಕ್ಲಬ್ಬು ಶುರುವಾದದ್ದು 1876ರಲ್ಲಂತೆ. ಬ್ರಿಟಿಷರು ಬಿಟ್ಟುಹೋದ ಟೋಪಿ, ಛತ್ರಿ, ನಿವೃತ್ತ ಕರ್ನಲ್‌ಗಳು - ಇಷ್ಟೇ ನನ್ನ ಮಟ್ಟಿಗೆ ಗಾಲ್ಫ್. ಅಡುಗೆಮನೆಯಿಂದ ಅದು ಬಹಳ ದೂರದ ಊರು.

ಆ ದೂರ ಕಡಿಮೆಯಾದದ್ದು 2021ರ ಆಗಸ್ಟ್ 7ರಂದು. ಅಂದು ಶನಿವಾರ. ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕಕ್ಕೆ ಹತ್ತಿರ ಬಂದಿದ್ದಾಳೆ ಎಂದು ಬೆಳಗಿನ ಜಾವವೇ ನನ್ನ ತಂಗಿಯ ಮಗಳು ಟಿ.ವಿ. ಹಾಕಿಕೊಂಡು ಕೂತಿದ್ದಳು. ಕೊರೋನಾ ಕಾಲ, ಕಚೇರಿಯ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಅವಳೂ ಅವಳಮ್ಮನೂ ನಮ್ಮ ಮನೆಗೆ ಬಂದಿದ್ದರು. ಅವಲಕ್ಕಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟು ನಾನೂ ಬಂದು ಕೂತೆ. ಅದಿತಿಯ ಚೀಲ ಹೊತ್ತು ಜೊತೆಯಲ್ಲಿ ನಡೆಯುತ್ತಿದ್ದವರು ಅವಳ ತಾಯಿ ಎಂದು ತಿಳಿದ ಮೇಲಂತೂ ಏಳಲಾಗಲಿಲ್ಲ. ಹಾಗೆ ಚೀಲ ಹೊರುವವರಿಗೆ ಕ್ಯಾಡಿ ಎನ್ನುತ್ತಾರಂತೆ. ಮಗಳು ಕೋಲು ಬೀಸುತ್ತಾಳೆ, ತಾಯಿ ಪಕ್ಕದಲ್ಲಿ ನಿಂತು ನೋಡುತ್ತಾರೆ. ಕೊನೆಗೆ ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ತಪ್ಪಿತು, ಹುಡುಗಿ ನಾಲ್ಕನೆಯವಳಾದಳು. ನಮ್ಮ ಮನೆಯಲ್ಲಿ ಮೂವರು ಹೆಂಗಸರು, ಅಲ್ಲಿಯವರೆಗೆ ಗಾಲ್ಫ್ ಎಂದರೇನೆಂದೇ ಅರಿಯದವರು, ಅರ್ಧ ದಿನ ಸಪ್ಪಗಿದ್ದೆವು.

ಆ ಸಪ್ಪೆಯಲ್ಲೇ ಒಂದು ಮಾತು ಹುಟ್ಟಿತು. ಮೈದಾನದ ನಡುನಡುವೆ ಬಿಳಿ ಮರಳು ತುಂಬಿದ ಗುಂಡಿಗಳಿದ್ದವಲ್ಲ, ಅವಕ್ಕೆ ಬಂಕರ್ ಎನ್ನುತ್ತಾರೆ. “ಅದರೊಳಗೆ ಬಿದ್ದ ಚೆಂಡನ್ನು ಹೊಡೆಯೋಕೇ ಆಗದಿದ್ದರೆ ಏನು ಗತಿ?” ಎಂದು ನಾನು ಕೇಳಿದೆ. “ತಾಳು ದೊಡ್ಡಮ್ಮ” ಎಂದು ಹುಡುಗಿ ಫೋನಿನಲ್ಲಿ ನಿಯಮಗಳ ಪುಸ್ತಕವನ್ನೇ ತೆಗೆದು ಓದತೊಡಗಿದಳು. ಅವಳು ಓದಿದ ನಾಲ್ಕು ಸಾಲು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ. ಅದನ್ನೇ ನಿಮ್ಮ ಮುಂದಿಡಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ಆಟ ಗೊತ್ತಿಲ್ಲದವರು ಬೇಸರಿಸಬೇಡಿ, ನನಗೂ ಅಷ್ಟೇ ಗೊತ್ತಿರುವುದು.

ಮೊದಲು ಗುಂಡಿಯ ವಿಷಯ. ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿ. ಹೊಲಕ್ಕೂ ಸಮುದ್ರಕ್ಕೂ ನಡುವಿನ ಮರಳುನೆಲ, ಬೇಸಾಯಕ್ಕೆ ಒದಗದು, ಕುರಿ ಮೇಯಿಸಲು ಸಾಕು. ಗಾಳಿಗೆ ಹೆದರಿ ಕುರಿಗಳು ಒತ್ತಿಕೊಂಡು ಮಲಗಿದ ತಗ್ಗುಗಳೇ ಮುಂದೆ ಬಂಕರುಗಳಾದವು ಎಂಬ ಮಾತಿದೆ. ಸೇಂಟ್ ಆಂಡ್ರೂಸ್ ಎಂಬ ಊರಿನ ಹಳೆಯ ಮೈದಾನದಲ್ಲಿ ಇಂಥ 112 ಗುಂಡಿಗಳಿವೆ. ಒಂದಕ್ಕೆ ‘ನರಕ’ ಎಂದೇ ಹೆಸರು. ಹದಿನೇಳನೆಯ ಕುಳಿಯ ಬಳಿ ಇನ್ನೊಂದಿದೆ, ‘ರೋಡ್ ಹೋಲ್’ ಬಂಕರ್ ಎಂದು. ಗೋಡೆಯಂತೆ ನೆಟ್ಟಗೆ ಎದ್ದ ಅಂಚು; ಒಳಗೆ ಇಳಿದ ಮನುಷ್ಯನ ತಲೆ ಮಾತ್ರ ಹೊರಗೆ ಕಾಣುತ್ತದೆ. ನಮ್ಮ ಹಳೆಯ ಮನೆಗಳ ಹಗೇವು ನೋಡಿದವರಿಗೆ ಅಂದಾಜು ಸಿಗಬಹುದು.

ಇನ್ನು ನಿಯಮ. ಗಾಲ್ಫಿನ ಮೂಲಮಂತ್ರ ಒಂದೇ: ಚೆಂಡು ಹೇಗೆ ಬಿದ್ದಿದೆಯೋ ಹಾಗೇ ಆಡು. ಕೈಯಿಂದ ಸರಿಸಬೇಡ, ಹುಲ್ಲು ತುಳಿಯಬೇಡ, ಮರಳನ್ನು ಮುಟ್ಟಿ ಪರೀಕ್ಷಿಸಬೇಡ. 2019ಕ್ಕೆ ಮೊದಲು ಬಂಕರಿನಲ್ಲಿ ಚೆಂಡಿನ ಪಕ್ಕ ಬಿದ್ದ ಒಂದು ತರಗೆಲೆಯನ್ನು ಕೂಡ ಎತ್ತುವಂತಿರಲಿಲ್ಲ. ಅಷ್ಟು ಕಟ್ಟುನಿಟ್ಟು. ಆದರೆ ಇಷ್ಟು ಕಟ್ಟುನಿಟ್ಟಿನ ಆಟದಲ್ಲೂ ಒಂದು ಬಾಗಿಲು ಇಟ್ಟಿದ್ದಾರೆ. ಆಟಗಾರ್ತಿ ನಿಂತು ನೋಡಿ, ‘ಇದು ಆಡಲಾಗದ ಚೆಂಡು’ ಎಂದು ಹೇಳಬಹುದು. ಆಗ ದಂಡ ತೆರಬೇಕು, ದಂಡವೆಂದರೆ ಲೆಕ್ಕಕ್ಕೆ ಸೇರುವ ಹೊಡೆತ. ಒಂದು ಹೊಡೆತದ ದಂಡ ಕೊಟ್ಟು, ಹಿಂದಿನ ಸಲ ಎಲ್ಲಿಂದ ಹೊಡೆದಿದ್ದಳೋ ಅಲ್ಲಿಗೇ ವಾಪಸು ಹೋಗಬಹುದು. ಅಥವಾ ಅದೇ ಒಂದು ದಂಡಕ್ಕೆ ಅದೇ ಗುಂಡಿಯೊಳಗೆ ಎರಡು ಕೋಲಿನಳತೆ ಪಕ್ಕಕ್ಕೋ, ಕುಳಿಯ ನೇರಕ್ಕೆ ಹಿಂದಕ್ಕೋ ಸರಿದು ಚೆಂಡು ಬೀಳಿಸಬಹುದು. ಸರಿಯಬಹುದು, ಆದರೆ ಗುಂಡಿ ಬಿಡುವಂತಿಲ್ಲ. 2019ರಲ್ಲಿ ಇನ್ನೊಂದು ದಾರಿಯನ್ನೂ ತೆರೆದರು: ಎರಡು ಹೊಡೆತದ ದಂಡ ಕೊಟ್ಟರೆ, ಅದೇ ನೇರಕ್ಕೆ ಹಿಂದೆ ನಡೆದು ಗುಂಡಿಯಿಂದ ಹೊರಗೇ ಚೆಂಡು ಬೀಳಿಸಬಹುದು.

ಇಷ್ಟನ್ನು ಕೇಳುತ್ತಿದ್ದ ನನ್ನ ತಂಗಿ, ಅಲ್ಲಿಯವರೆಗೆ ಬಾಯೇ ಬಿಡದೆ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು, “ಎರಡೇ ಹೊಡೆತವಾ? ಅಗ್ಗವಾಯ್ತು” ಎಂದಳು.

ನನಗೆ ಎದೆ ಧಸಕ್ಕೆಂದಿತು. ಅವಳ ಮಗಳು ಫೋನಿನಿಂದ ತಲೆ ಎತ್ತಲಿಲ್ಲ. ಓದುವುದನ್ನು ಮುಂದುವರಿಸಿದಳು: ಚೆಂಡು ಆಡಲಾಗದ್ದು ಎಂದು ತೀರ್ಮಾನಿಸುವ ಹಕ್ಕು ಆಟಗಾರ್ತಿಯೊಬ್ಬಳಿಗೇ. ಎದುರಾಳಿ ಹೇಳುವಂತಿಲ್ಲ, ನಿರ್ಣಾಯಕ ಹೇಳುವಂತಿಲ್ಲ, ಚೀಲ ಹೊತ್ತ ಕ್ಯಾಡಿಯೂ ತೀರ್ಮಾನಿಸುವಂತಿಲ್ಲ. ಕ್ಯಾಡಿ ಸಲಹೆ ಕೊಡಬಹುದು, ತೀರ್ಮಾನ ಮಾಡಬಾರದು. ಟೋಕಿಯೋದಲ್ಲಿ ಆ ತಾಯಿಗೂ ಆ ಹಕ್ಕು ಇರಲಿಲ್ಲ.

ತಂಗಿಯ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಹೇಳಲು ಅವಳ ಒಪ್ಪಿಗೆ ಕೇಳಿದ್ದೇನೆ. “ಹೇಳು, ನಿನ್ನ ಭಾಗವನ್ನೂ ಬಿಡದೆ ಹೇಳು” ಎಂದಿದ್ದಾಳೆ.

ಅವಳ ಮದುವೆಯಾದದ್ದು 1988ರಲ್ಲಿ. ಒಳ್ಳೆಯ ಮನೆತನ, ಒಳ್ಳೆಯ ನೌಕರಿ. 1993ರ ಶ್ರಾವಣದಲ್ಲಿ ಒಂದು ಸೂಟ್‌ಕೇಸು, ಎರಡು ವರ್ಷದ ಮಗು ಹಿಡಿದು ತವರಿಗೆ ಬಂದಳು. ಅಪ್ಪ ಇರಲಿಲ್ಲ. ಅಮ್ಮ, ದೊಡ್ಡಪ್ಪ, ನಾನು, ನಮ್ಮ ಮನೆಯವರು ಸುತ್ತ ಕೂತೆವು. ಏನಾಯಿತು ಎಂದು ಕೇಳಿದೆವು. “ಅವರು ನನ್ನ ಜೊತೆ ಮಾತಾಡಿ ನಾಲ್ಕು ತಿಂಗಳಾಯ್ತು” ಎಂದಳು. ಹೊಡೆಯುತ್ತಾರೆಯೆ? ಇಲ್ಲ. ಕುಡಿಯುತ್ತಾರೆಯೆ? ಇಲ್ಲ. ದುಡ್ಡು ಕೊಡುವುದಿಲ್ಲವೆ? ಒಂದನೆಯ ತಾರೀಖು ಎಣಿಸಿ ಅಲಮಾರಿನಲ್ಲಿ ಇಡುತ್ತಾರೆ, ಮೂವತ್ತಕ್ಕೆ ಲೆಕ್ಕದ ಪುಸ್ತಕ ನೋಡುತ್ತಾರೆ. ಬೇರೆ ಏನಾದರೂ...? ಇಲ್ಲ, ಅಂಥದೂ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ತಟ್ಟೆಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ ಏಳುತ್ತಾರೆ. ಮಗುವಿನ ಮೂಲಕ ಮಾತು: “ನಿಮ್ಮಮ್ಮನಿಗೆ ಹೇಳು, ನಾಳೆ ಬೇಗ ಹೋಗಬೇಕು.” ಮಗುವಿಗೆ ಇನ್ನೂ ಮಾತೇ ಸರಿಯಾಗಿ ಬರದು.

“ಮತ್ತೇನು?” ಎಂದೆ ನಾನು.

ಈ ‘ಮತ್ತೇನು?’ ಎಂಬುದನ್ನು ನಾನು ಕೇಳಿದ್ದು. ದೊಡ್ಡಪ್ಪ ಅಲ್ಲ, ಅಮ್ಮ ಅಲ್ಲ. ಮತ್ತೇನು ಎಂಬುದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ತೋರಿಸಲು ಮೈಮೇಲೆ ಒಂದು ಗಾಯವಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ದೊಡ್ಡಪ್ಪ ಗಾದೆ ಹೇಳಿದರು. ಜಗಳವೇ ಇಲ್ಲದ ಮನೆಗೆ ಆ ಗಾದೆ ಹೇಗೆ ಹೊಂದುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನಾವೇ ಒಂದು ಪರಿಹಾರ ಕಂಡುಕೊಂಡೆವು. ಅತ್ತೆ ಮಾವ ಇರುವ ಮನೆಯಲ್ಲಿ ಅವನಿಗೆ ಸಂಕೋಚವಿರಬಹುದು, ಬೇರೆ ಮನೆ ಮಾಡಿಸೋಣ. ಎರಡು ಬೀದಿ ಆಚೆ ಬಾಡಿಗೆಗೆ ಮನೆ ಹಿಡಿಸಿ, ಹಾಲುಕ್ಕಿಸಿ ಬಂದೆವು. ಈಗ ನಿಯಮ ಕೇಳಿದ ಮೇಲೆ ತಿಳಿಯುತ್ತದೆ, ನಾವು ಮಾಡಿದ್ದು ಎರಡು ಕೋಲಿನಳತೆ ಪಕ್ಕಕ್ಕೆ ಸರಿಸುವ ಕೆಲಸ. ಗುಂಡಿ ಅದೇ ಗುಂಡಿ.

ಅಲ್ಲಿಂದ ಹನ್ನೊಂದು ವರ್ಷ ಅವಳು ಆ ಮರಳಲ್ಲಿ ಆಡಿದಳು. 2004ರಲ್ಲಿ ಮಗಳಿಗೆ ಹದಿಮೂರಾದಾಗ ಯಾರನ್ನೂ ಕೇಳದೆ ಹೊರಬಿದ್ದಳು. ತವರಿಗೆ ಬರಲಿಲ್ಲ. ಬೇರೆ ಊರಲ್ಲಿ ಒಂದು ಕೋಣೆ ಹಿಡಿದು, ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿ, ಸಂಜೆ ಮನೆಪಾಠ ಹೇಳಿ ಮಗಳನ್ನು ಓದಿಸಿದಳು. ನನಗೆ ಕಾಗದ ಬಂದದ್ದು ಹೊರಬಿದ್ದ ಹದಿನೈದು ದಿನದ ಮೇಲೆ.

ಈಗ ಮತ್ತೆ ಆಟಕ್ಕೆ ಬರೋಣ. ಈ ಗುಂಡಿಗಳಲ್ಲಿ ಸಿಕ್ಕಿಬಿದ್ದವರೇನು ಸಾಮಾನ್ಯರಲ್ಲ. 1978ರ ಓಪನ್ ಪಂದ್ಯದಲ್ಲಿ ಜಪಾನಿನ ಟಾಮಿ ನಕಜಿಮಾ ಎರಡೇ ಹೊಡೆತದಲ್ಲಿ ಹದಿನೇಳನೆಯ ಕುಳಿಯ ನುಣುಪು ಹುಲ್ಲಿನ ಮೇಲೆ ಬಂದುನಿಂತಿದ್ದರು. ಕುಳಿಗೆಂದು ತಳ್ಳಿದ ಚೆಂಡು ಉರುಳುತ್ತ ಹೋಗಿ ರೋಡ್ ಹೋಲ್ ಬಂಕರಿಗೆ ಬಿತ್ತು. ಹೊರಬರಲು ನಾಲ್ಕು ಹೊಡೆತ ಬೇಕಾದವು. ಆ ಕುಳಿಗೆ ಒಟ್ಟು ಒಂಬತ್ತು. 1995ರಲ್ಲಿ ಜಾಕ್ ನಿಕ್ಲಾಸ್‌ರಂಥ ದಿಗ್ಗಜ ‘ನರಕ’ದಲ್ಲಿ ಸಿಕ್ಕಿ ಆ ಕುಳಿಗೆ ಹತ್ತು ಬರೆದುಕೊಂಡರು. 2000ದಲ್ಲಿ ಡೇವಿಡ್ ಡುವಾಲ್ ಕೊನೆಯ ದಿನ ಅದೇ ರೋಡ್ ಹೋಲ್ ಬಂಕರಿನಲ್ಲಿ ನಾಲ್ಕು ಸಲ ಮರಳು ಹಾರಿಸಿದರು. ನಕಜಿಮಾಗೆ ಒಂದು ಹೊಡೆತದ ದಂಡ ತೆತ್ತು, ಚೆಂಡನ್ನು ಮತ್ತೆ ಆ ನುಣುಪು ಹುಲ್ಲಿನ ಮೇಲೆ ಇಟ್ಟುಕೊಳ್ಳುವ ದಾರಿ ಇತ್ತು.

ಯಾಕೆ ಹಾಗೆ ಮಾಡುವುದಿಲ್ಲ ನಾವು? ಮೈಸೂರುಪಾಕಿನ ಪಾಕ ಕೆಟ್ಟಾಗ ನಾನೇನು ಮಾಡುತ್ತೇನೆ ಎಂದು ಯೋಚಿಸಿದರೆ ನನಗೆ ಉತ್ತರ ಸಿಗುತ್ತದೆ. ಇನ್ನೊಂದು ಸೌಟು ತುಪ್ಪ ಹಾಕಿದರೆ ಸರಿಹೋದೀತು, ಇನ್ನೊಂದು ಹಿಡಿ ಸಕ್ಕರೆ ಹಾಕಿದರೆ ಕೂಡಿಕೊಂಡೀತು ಎಂದು ಕಾಲು ಕೆ.ಜಿ. ಕಡಲೆಹಿಟ್ಟಿನ ಮರ್ಯಾದೆ ಉಳಿಸಲು ಅರ್ಧ ಕೆ.ಜಿ. ತುಪ್ಪ ಹಾಳು ಮಾಡುತ್ತೇನೆ. ಹಾಕಿದ್ದು ವ್ಯರ್ಥವಾಗಬಾರದೆಂದು ಇನ್ನೂ ಹಾಕುತ್ತೇವೆ. ಪ್ರತಿ ಹೊಡೆತವೂ ‘ಇದೊಂದು ಸಲ’ ಎಂದೇ ಕಾಣುತ್ತದೆ. ಹನ್ನೊಂದು ವರ್ಷವೂ ಹಾಗೆಯೇ, ಒಂದೊಂದೇ ದಿನವಾಗಿ ಕಳೆಯುತ್ತದೆ.

ಹಾಗಾದರೆ ಬಿಟ್ಟುಬಿಡುವುದೇ ಜಾಣತನವೆ? ನಾನು ಹಾಗೆ ಹೇಳುತ್ತಿಲ್ಲ. ಬಾಬಿ ಜೋನ್ಸ್ ಎಂಬ ಅಮೆರಿಕದ ಆಟಗಾರನ ಕತೆ ಇಲ್ಲಿ ನೆನೆಯಬೇಕು. 1921ರಲ್ಲಿ, ಹತ್ತೊಂಬತ್ತರ ಹುಡುಗ, ಇದೇ ಸೇಂಟ್ ಆಂಡ್ರೂಸ್‌ನಲ್ಲಿ ಹನ್ನೊಂದನೆಯ ಕುಳಿಯ ಬಂಕರಿಗೆ ಬಿದ್ದ. ಹೊಡೆದ, ಬರಲಿಲ್ಲ, ಮತ್ತೆ ಹೊಡೆದ. ಕೊನೆಗೆ ಸಿಟ್ಟು ತಡೆಯದೆ ಚೆಂಡನ್ನು ಎತ್ತಿಕೊಂಡು ಪಂದ್ಯದಿಂದಲೇ ಹೊರಬಿದ್ದ. ಆ ದಿನಕ್ಕಾಗಿ ಅವನು ಮುಂದೆ ಬಹಳ ನಾಚಿಕೊಂಡ. ಆಡಲಾಗದ ಚೆಂಡು ಎಂದು ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅವನು ಮಾಡಿದ್ದು ಕೈಚೆಲ್ಲುವುದು. ನಿಯಮ ಹೇಳುವುದು, ದಂಡ ತೆತ್ತು ಆಟದಲ್ಲೇ ಇರುವುದು. ನಮ್ಮ ಹಿರಿಯರು ಇವೆರಡನ್ನೂ ಒಂದೇ ಎಂದು ತಿಳಿದರು. ಮನೆ ಬಿಟ್ಟು ಬಂದವಳು ಬಾಳುವೆಯನ್ನೇ ಬಿಟ್ಟಳು ಎಂದರು. ನನ್ನ ತಂಗಿ ಬಾಳುವೆ ಬಿಡಲಿಲ್ಲ. ಒಂದು ಕೋಣೆಯಿಂದ ಅದನ್ನು ಮತ್ತೆ ಶುರು ಮಾಡಿದಳು. ಹಾಗೆಂದು ಆ ಹುಡುಗ ಜೋನ್ಸನನ್ನೂ ಹೀಗಳೆಯುವಂತಿಲ್ಲ. 1927ರಲ್ಲಿ ಅದೇ ಮೈದಾನದಲ್ಲಿ ಗೆದ್ದ. 1958ರಲ್ಲಿ ಆ ಊರು ಅವನಿಗೆ ಪೌರಸನ್ಮಾನ ಮಾಡಿತು. ಸಿಟ್ಟಿನಲ್ಲಿ ಎದ್ದುಹೋದವನನ್ನೂ ಒಂದು ಊರು ಕ್ಷಮಿಸಬಲ್ಲದು.

ನಿಯಮದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಇನ್ನೊಂದು. ಆಟಗಾರ್ತಿ ಕಾರಣ ಕೊಡಬೇಕಾಗಿಲ್ಲ. ಚೆಂಡು ನೋಡುವವರ ಕಣ್ಣಿಗೆ ಚೆನ್ನಾಗಿಯೇ ಕೂತಿರಬಹುದು. ಇನ್ನೊಬ್ಬಳಾದರೆ ಸಲೀಸಾಗಿ ಹೊಡೆದುಬಿಡುತ್ತಿದ್ದಳೇನೋ. ಆದರೂ ಅವಳು ‘ನನಗೆ ಆಡಲಾಗದು’ ಎಂದರೆ ಮುಗಿಯಿತು. ನಿಯಮ ಕೇಳುವುದು ಬೆಲೆಯನ್ನು, ಪುರಾವೆಯನ್ನಲ್ಲ. ನಾವು ಮಾಡಿದ್ದು ತಿರುವುಮುರುವು. ಬೆಲೆ ತೆರಲು ಅವಳು ಸಿದ್ಧಳಾಗಿ ಬಂದಿದ್ದಳು. ಒಂದು ಸೂಟ್‌ಕೇಸಿನಲ್ಲಿ ಬಂದವಳು ಎಷ್ಟನ್ನು ಬಿಟ್ಟು ಬಂದಿರಬೇಕು! ನಾವು ಆ ಬೆಲೆಯನ್ನು ನೋಡದೆ ಪುರಾವೆ ಕೇಳಿದೆವು.

ಪುರಾವೆ ಬೇಡವೆಂದರೆ ಎಲ್ಲರೂ ಸಣ್ಣಸಣ್ಣದಕ್ಕೂ ಎದ್ದುಬರುವುದಿಲ್ಲವೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅದಕ್ಕೇ ಇರುವುದು ದಂಡ. ಒಂದು ಹೊಡೆತ ಎಂದರೆ ಎಷ್ಟೆಂದು ಟೋಕಿಯೋದಲ್ಲಿ ನಾವೆಲ್ಲ ನೋಡಿದೆವಲ್ಲ, ಕಂಚಿಗೂ ಬರಿಗೈಗೂ ಇರುವ ಅಂತರ. ಯಾರೂ ಅದನ್ನು ಸುಮ್ಮನೆ ಕೊಡುವುದಿಲ್ಲ. ಹಾಸಿಗೆ, ಪಾತ್ರೆ, ಮಗುವಿನ ಶಾಲೆ, ಊರಿನ ಮರ್ಯಾದೆ ಎಲ್ಲವನ್ನೂ ಬಿಟ್ಟು ಬರುವ ಹೆಣ್ಣು ಉಪ್ಪು ಹೆಚ್ಚಾದದ್ದಕ್ಕೆ ಬಂದಿದ್ದಾಳೆ ಎಂದು ತಿಳಿಯುವವರು ಲೆಕ್ಕ ಬಾರದವರು.

ಲೆಕ್ಕದ ವಿಷಯದಲ್ಲಿ ಈ ಆಟದವರು ಎಷ್ಟು ನಿಷ್ಠುರರೆಂದರೆ, 2016ರ ಅಮೆರಿಕದ ಮಹಿಳಾ ಓಪನ್‌ನಲ್ಲಿ ಸ್ವೀಡನ್ನಿನ ಆನಾ ನೋರ್ಡ್‌ಕ್ವಿಸ್ಟ್ ಮತ್ತು ಅಮೆರಿಕದ ಬ್ರಿಟನಿ ಲ್ಯಾಂಗ್ ಸಮಸಮ ನಿಂತು, ಮೂರು ಕುಳಿಗಳ ನಿರ್ಣಾಯಕ ಆಟ ನಡೆಯಿತು. ಎರಡನೆಯ ಕುಳಿಯಲ್ಲಿ ಬಂಕರಿನಿಂದ ಹೊಡೆಯಲು ಕೋಲನ್ನು ಹಿಂದಕ್ಕೆ ಎತ್ತುವಾಗ ಅದು ಕೆಲವೇ ಕೆಲವು ಮರಳಕಣಗಳನ್ನು ಸವರಿತು. ಬರಿಗಣ್ಣಿಗೆ ಕಾಣದ್ದು, ಕ್ಯಾಮರಾದ ಕಣ್ಣಿಗೆ ಬಿತ್ತು. ಮೂರನೆಯ ಕುಳಿ ಆಡುತ್ತಿರುವಾಗ ಬಂದು ಎರಡು ಹೊಡೆತ ದಂಡ ಎಂದರು. ಪಂದ್ಯ ಕೈತಪ್ಪಿತು. ಇದು ಅತಿಯಾಯಿತೆಂದು ಮರುವರ್ಷವೇ, ಬರಿಗಣ್ಣಿಗೆ ಕಾಣದ ತಪ್ಪಿಗೆ ದಂಡವಿಲ್ಲದಂತೆ ನಿಯಮ ಸಡಿಲಿಸಿದರು. ಆದರೆ ನನ್ನ ಮನಸ್ಸಿಗೆ ನಾಟಿದ್ದು ಮುಂದಿನ ಸಂಗತಿ. ಅದೇ ನೋರ್ಡ್‌ಕ್ವಿಸ್ಟ್ 2021ರ ಆಗಸ್ಟಿನಲ್ಲಿ, ಟೋಕಿಯೋ ಮುಗಿದ ಅದೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಮಹಿಳಾ ಓಪನ್ ಗೆದ್ದಳು. ಅಲ್ಲಿ ಯಾರೂ 2016ರ ಎರಡು ಹೊಡೆತವನ್ನು ಮತ್ತೆ ಅವಳ ಲೆಕ್ಕಕ್ಕೆ ಸೇರಿಸಲಿಲ್ಲ. ದಂಡ ಕಟ್ಟಿದ ಮೇಲೆ ಮುಗಿಯಿತು.

ನಮ್ಮಲ್ಲಿ ಮುಗಿಯುವುದಿಲ್ಲ. ನನ್ನ ತಂಗಿ ಹೊರಬಂದು ಎಷ್ಟೋ ವರ್ಷಗಳಾದವು, ಈಗಲೂ ಮದುವೆಮನೆಯ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು, ಎಲ್ಲ ಗೊತ್ತಿದ್ದೂ, “ಯಜಮಾನ್ರು ಬಂದಿಲ್ವಾ?” ಎಂದು ಕೇಳುತ್ತಾರೆ. ಬಾಳೆಲೆಯ ಮುಂದೆ ಕೂತು ಅವಳು ಇನ್ನೊಂದು ಹೊಡೆತ ಕಟ್ಟುತ್ತಾಳೆ. ಅದಕ್ಕೇ ಅವಳು ಅಂದದ್ದು, ಎರಡೇ ಹೊಡೆತ ಅಗ್ಗವಾಯಿತೆಂದು. ಬೆಲೆ ಹೆಚ್ಚಿರುವುದು ಅನ್ಯಾಯವಲ್ಲದಿರಬಹುದು; ಬೆಲೆ ಎಷ್ಟೆಂದು ಮೊದಲೇ ಹೇಳದಿರುವುದು, ಕಟ್ಟಿದ ಮೇಲೂ ರಸೀದಿ ಕೊಡದಿರುವುದು ಅನ್ಯಾಯ.

ನನ್ನದೇ ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲವಾದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ನನ್ನ ಅತ್ತೆಯವರು ಪಾರ್ಶ್ವವಾಯುವಾಗಿ ಆರು ವರ್ಷ ಹಾಸಿಗೆ ಹಿಡಿದರು. “ನಿನ್ನಿಂದ ಆಗದು, ಸುಮ್ಮನೆ ಮಗಳ ಮನೆಗೆ ಕಳಿಸು” ಎಂದು ಎಷ್ಟು ಜನ ಹೇಳಿದರು! ಅತ್ತೆ ಮೊದಲಿನ ಹತ್ತು ವರ್ಷ ನನ್ನನ್ನು ಗೋಳುಹೊಯ್ದುಕೊಂಡಿದ್ದೂ ಊರಿಗೆ ಗೊತ್ತಿತ್ತು. ನನಗೆ ಮಾತ್ರ ಅದು ಆಡಬಹುದಾದ ಚೆಂಡು ಎನ್ನಿಸಿತು. ಯಾಕೆಂದು ಬಿಡಿಸಿ ಹೇಳಲಾರೆ. ಬೆನ್ನಿಗೆ ಪೌಡರು ಹಾಕುವಾಗ ಅವರು ತಮ್ಮ ಬಾಲ್ಯದ ಕತೆ ಹೇಳುತ್ತಿದ್ದರು, ಅರ್ಧ ಬಾಯಲ್ಲಿ. ಆ ಆರು ವರ್ಷದಲ್ಲಿ ನಮಗಿಬ್ಬರಿಗೂ ಹೊಸದಾಗಿ ಪರಿಚಯವಾಯಿತು. ಜನ ನನ್ನನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ನಾನು ಉಬ್ಬಿದ್ದೂ ನಿಜ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನನ್ನ ಚೆಂಡು ಆಡಬಹುದಾದ್ದೆಂದು ನಾನೇ ತೀರ್ಮಾನಿಸಿದೆ, ಊರಿನ ಮಾತು ಕೇಳಲಿಲ್ಲ. ತಂಗಿಯ ಚೆಂಡನ್ನೂ ನಾನೇ ತೀರ್ಮಾನಿಸಿದೆ, ಅವಳ ಮಾತು ಕೇಳಲಿಲ್ಲ. ತಾಳ್ಮೆ ದೊಡ್ಡ ಗುಣವೇ, ಆದರೆ ಅದನ್ನು ತನ್ನ ಕೈಯಿಂದ ತಾನು ಕೊಡಬೇಕು. ಇನ್ನೊಬ್ಬಳ ಗಂಟಿನಿಂದ ತೆಗೆದು ದಾನ ಮಾಡಿದರೆ ಪುಣ್ಯ ಯಾರಿಗೆ?

ಆಟಕ್ಕೂ ಬಾಳಿಗೂ ಹೋಲಿಕೆ ಎಳೆಯುವಾಗ ಒಂದು ಕಡೆ ದಾರ ಹರಿಯುತ್ತದೆ, ಅದನ್ನು ಮುಚ್ಚಿಡಬಾರದು. ಗಾಲ್ಫಿನಲ್ಲಿ ದಂಡ ಆಡಿದವಳಿಗೆ ಮಾತ್ರ. ಸಂಸಾರದಲ್ಲಿ ಹಾಗಲ್ಲ, ಮಕ್ಕಳ ಲೆಕ್ಕಕ್ಕೂ ಬೀಳುತ್ತದೆ. 1993ರಲ್ಲಿ ನಮ್ಮ ಬಾಯಲ್ಲಿ ಇದ್ದ ದೊಡ್ಡ ಮಾತು ಅದೇ: “ಮಗುವಿನ ಮುಖ ನೋಡು.” ಅದು ಸುಳ್ಳು ಮಾತಲ್ಲ. ಅದಕ್ಕೇ ಅಂದು ಟಿ.ವಿ. ಆರಿಸಿದ ಮೇಲೆ ಆ ಮಗುವನ್ನೇ, ಈಗ ಮೂವತ್ತರ ಹೆಂಗಸನ್ನು, ಕೇಳಿದೆ. “ನಿನಗೂ ದಂಡ ಬಿತ್ತಲ್ಲ ಪುಟ್ಟಿ?”

“ಬಿತ್ತು ದೊಡ್ಡಮ್ಮ” ಎಂದಳು. “ಶಾಲೆ ಬಿಟ್ಟೆ, ಗೆಳತಿಯರನ್ನ ಬಿಟ್ಟೆ. ಹೊಸ ಶಾಲೇಲಿ ಅಪ್ಪ ಎಲ್ಲಿ ಅಂದ್ರೆ ಏನು ಹೇಳಬೇಕು ಅಂತ ಗೊತ್ತಾಗ್ತಿರಲಿಲ್ಲ. ಅಮ್ಮನ ಮೇಲೆ ಸಿಟ್ಟೂ ಬಂದಿತ್ತು, ಎರಡು ವರ್ಷ.” ಸ್ವಲ್ಪ ತಡೆದು ಮತ್ತೆ ಹೇಳಿದಳು, “ಆದ್ರೆ ಆ ಕೋಣೇಲಿ ಮಾತು ಕೇಳಿಸ್ತಿತ್ತು. ಅಲ್ಲಿಯವರೆಗೆ ಮನೆ ಅಂದ್ರೆ ಮಾತಾಡಬಾರದ ಜಾಗ ಅಂತಲೇ ತಿಳ್ಕೊಂಡಿದ್ದೆ ನಾನು.”

ಮಗುವಿನ ಮುಖ ನೋಡು ಎಂದವರು ನಾವು. ಆ ಮುಖದಲ್ಲಿ ಮಾತೇ ಇರಲಿಲ್ಲವೆಂಬುದನ್ನು ನೋಡಿದವಳು ಅವಳಮ್ಮ ಒಬ್ಬಳೇ.

ಈ ನಿಯಮಗಳನ್ನು ಬರೆದವರು ಮಹಾ ಉದಾರಿಗಳೆಂದು ನಾನು ಹೇಳುವುದಿಲ್ಲ. ಮೊದಲ ಹದಿಮೂರು ನಿಯಮಗಳನ್ನು 1744ರಲ್ಲಿ ಲೀತ್ ಎಂಬಲ್ಲಿ ಬರೆದವರು ಗಂಡಸರು. ನೀರಿಗೋ ಕೊಚ್ಚೆಗೋ ಬಿದ್ದ ಚೆಂಡನ್ನು ಹೊರತೆಗೆದು, ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಟ್ಟು ಆಡಬಹುದು ಎಂದು ಅವರು ಅಂದೇ ಬರೆದರು. ಅದೇ ಆಟದ ಸೇಂಟ್ ಆಂಡ್ರೂಸಿನ ಹಳೆಯ ಕ್ಲಬ್ಬು 1754ರಲ್ಲಿ ಹುಟ್ಟಿ, ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಮತ ಹಾಕಿದ್ದು 2014ರಲ್ಲಿ, 260 ವರ್ಷದ ಮೇಲೆ. ಗುಂಡಿಯಿಂದ ಹೊರಬರುವ ದಾರಿ ಬರೆಯಬಲ್ಲವರಿಗೂ ಬಾಗಿಲು ತೆರೆಯುವುದು ಎಷ್ಟು ಕಷ್ಟ ನೋಡಿ. ಆದರೂ ಒಳ್ಳೆಯ ಮಾತು ಎಲ್ಲಿಂದ ಬಂದರೂ ಎತ್ತಿಟ್ಟುಕೊಳ್ಳಬೇಕು.

ಇನ್ನೊಂದು ನಿಯಮ ಕೇಳಿ ಮನಸಾರೆ ನಕ್ಕೆ. ಪಂದ್ಯದಲ್ಲಿ ಜೊತೆಗೆ ಆಡುತ್ತಿರುವ ಇನ್ನೊಬ್ಬರಿಗೆ ಹೇಗೆ ಆಡಬೇಕೆಂದು ಬುದ್ಧಿ ಹೇಳುವಂತಿಲ್ಲ. ಹೇಳಿದರೆ ಹೇಳಿದವರಿಗೇ ಎರಡು ಹೊಡೆತ ದಂಡ! ನಮ್ಮ ಓಣಿಯಲ್ಲಿ ಈ ನಿಯಮ ಬಂದರೆ ಒಂದು ಅರಿಶಿನ ಕುಂಕುಮದ ಸಂಜೆಯಲ್ಲಿ ಎಲ್ಲರೂ ದಿವಾಳಿ. ಬುದ್ಧಿ ಹೇಳುವ ಹಕ್ಕಿರುವುದು ಚೀಲ ಹೊತ್ತವರಿಗೆ ಮಾತ್ರ. ಅದೂ ನ್ಯಾಯವೇ. ಭಾರ ಹೊರದವರ ಸಲಹೆ ಯಾಕೆ ಬೇಕು? ಹೊತ್ತವರೂ ಕೂಡ ಹೇಳಿ ಸುಮ್ಮನಾಗಬೇಕು.

ಹೋದ ವರ್ಷ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ಸಂಜೆಹೊತ್ತು ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳದು ಮದುವೆಯ ವಿಷಯವಲ್ಲ, ನೌಕರಿಯದು. ಮನೆಯವರೆಲ್ಲ ಸಾಲ ಮಾಡಿ ಓದಿಸಿದ ಓದು, ಕಷ್ಟಪಟ್ಟು ಸಿಕ್ಕ ಕೆಲಸ. “ಅಲ್ಲಿ ಯಾರೂ ನನಗೇನೂ ಮಾಡಿಲ್ಲ ಆಂಟಿ, ಆದರೆ ಬೆಳಗಾದರೆ ಕಾಲೇ ಏಳೋದಿಲ್ಲ” ಎಂದಳು. ‘ಮತ್ತೇನು?’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದೇಬಂದಿತು. ಮೂವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಅದನ್ನು ನುಂಗಿಕೊಂಡು ಸ್ಟೂಲು ಎಳೆದು ಕೂರಿಸಿದೆ. ಬಿಟ್ಟರೆ ಏನೇನು ಕಳೆದುಕೊಳ್ಳುತ್ತೀಯ, ಸಾಲ ಎಷ್ಟಿದೆ, ಎಷ್ಟು ತಿಂಗಳು ಕೈಯಲ್ಲಿ ದುಡ್ಡಿದೆ, ಅಪ್ಪನಿಗೆ ಹೇಳುವಾಗ ನಾನು ಜೊತೆಗೆ ಬರಬೇಕೆ ಎಂದು ಕೇಳಿದೆ. ಒಂದು ಹಾಳೆಯಲ್ಲಿ ಇಬ್ಬರೂ ಕೂತು ಬರೆದೆವು. ಇರುತ್ತಾಳೋ ಬಿಡುತ್ತಾಳೋ ನಾನು ಕೇಳಲಿಲ್ಲ. ಅದು ಅವಳ ಚೆಂಡು.

ಅವಳು ಹೋದ ಮೇಲೆ ತಂಗಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಳೆ ಬರೆದದ್ದು ಒಳ್ಳೇದಾಯ್ತು ಅಕ್ಕ. ನನಗೆ ಅವತ್ತು ಅದೇ ಬೇಕಾಗಿತ್ತು” ಎಂದಳು. ನನಗೆ ಮಾತು ಹೊರಡಲಿಲ್ಲ. ನನ್ನ ಲೆಕ್ಕದಲ್ಲಿ ಹನ್ನೊಂದು ವರ್ಷವಿದೆ. ಅದನ್ನು ಯಾರೂ ಕೇಳುತ್ತಿಲ್ಲ, ನಾನೇ ಬರೆದು ಕೆಳಗೆ ಸಹಿ ಹಾಕಬೇಕಾದ್ದು.